ಅಮ್ಮನ ಹೆಸರಿನಲ್ಲಿ ತಂದ ಕಷಾಯ

ಅಪ್ಪ ಪಾಠದ ನಡುವೆ ತರಗತಿಯಿಂದ ಎದ್ದು ಹೋಗಿ ಬರುತ್ತಾರೆ ಎಂದು ನನಗೆ ತಿಳಿದದ್ದು ಅಮ್ಮನಿಂದ. ಅಮ್ಮನಿಗೆ ಹೇಳಿದ್ದು ಅದೇ ಶಾಲೆಯ ಟೀಚರೊಬ್ಬರು. ಅಪ್ಪ ಯಾರಿಗೂ ಹೇಳಿರಲಿಲ್ಲ. ಕುಂಬಳೆಯ ಹತ್ತಿರದ ಕನ್ನಡ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೆಲವು ತಿಂಗಳಿಂದ ಬಸ್ಸು ಬಿಟ್ಟು ನಡೆದೇ ಹೋಗುತ್ತಿದ್ದುದನ್ನು ನಾವು ವ್ಯಾಯಾಮ ಅಂದುಕೊಂಡಿದ್ದೆವು. ನಡೆಯುವವನು ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು ಎಂಬುದು ಹೊಳೆದದ್ದು ಆಮೇಲೆ.

ತೊಂಬತ್ತರ ದಶಕದ ನಡುವಿನ ಬೇಸಿಗೆ ರಜೆ. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಗಂಡಸಿನ ಮೂತ್ರಕೋಶದ ಕೆಳಗಿರುವ ಪ್ರೊಸ್ಟೇಟ್ ಗ್ರಂಥಿಯ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು, ಮೊನಚು ಪೆನ್ಸಿಲಿನಿಂದ ಭಾಗಗಳನ್ನು ಗುರುತಿಸಿದ್ದೆ. ಇಬ್ಬರು ಪರೀಕ್ಷಕರ ಮುಂದೆ ಅದರ ಬಗ್ಗೆ ಇಂಗ್ಲಿಷಿನಲ್ಲಿ ಮಾತನಾಡುವಾಗ ನನ್ನ ಸ್ವರ ತಡವರಿಸಿರಲಿಲ್ಲ. ಪ್ರಾಯವಾದಂತೆ ಅದು ದಪ್ಪವಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ ಎಂಬುದೂ ಗೊತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಅಪ್ಪನ ಸಂಗತಿ ಹೇಳಿದಾಗ ಕೂಡಲೇ ನೆನಪಾದದ್ದು ಅದೇ. ಆದರೆ ಅಮ್ಮ, ಇದು ಉಷ್ಣ, ಅಂದರು. ನಾನು, ಇರಬಹುದು, ಅಂದೆ.

ಉಷ್ಣಕ್ಕೆ ಏನೇನು ಮಾಡಬೇಕೋ ಅಮ್ಮ ಎಲ್ಲ ಮಾಡಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೂದುಕುಂಬಳದ ರಸ, ಹತ್ತು ಗಂಟೆಗೆ ಎಳನೀರು, ಮಧ್ಯಾಹ್ನ ನೀರು ಮಜ್ಜಿಗೆ. ಹುರುಳಿ ಸಾರು ನಿಂತಿತು. ಯಾಕೆಂದು ಅಪ್ಪ ಕೇಳಲಿಲ್ಲ. ಕೊಟ್ಟದ್ದನ್ನು ಕುಡಿದು ಲೋಟ ಕವುಚಿ ಇಡುತ್ತಿದ್ದರು. ಮನೆಯಲ್ಲಿದ್ದ ಮೂವರಿಗೂ ವಿಷಯ ಗೊತ್ತಿತ್ತು, ಮೂವರೂ ಅದಕ್ಕೆ ಕಾಲು ತಾಗದಂತೆ ಸುತ್ತ ಓಡಾಡುತ್ತಿದ್ದೆವು.

ಕಡಿಮೆಯಾಗದಿದ್ದಾಗ ಅಮ್ಮ ನನ್ನನ್ನು ಪುತ್ತಿಗೆಯ ಪಂಡಿತರಲ್ಲಿಗೆ ಕಳಿಸಿದರು. ನಮ್ಮ ಕಡೆ ನಾಟಿ ಮದ್ದಿಗೆ ರೋಗಿಯೇ ಹೋಗಬೇಕೆಂದಿಲ್ಲ. ಮನೆಯವರಲ್ಲಿ ಒಬ್ಬರು ಹೋಗಿ, ಹೀಗೆ ಹೀಗೆ ಎಂದು ಹೇಳಿ ತಂದರಾಯಿತು. ಓದಿದವಳು, ಸರಿಯಾಗಿ ಹೇಳುತ್ತಾಳೆ ಎಂದು ಅಮ್ಮನಿಗೆ ಧೈರ್ಯ.

ಪಂಡಿತರ ಜಗಲಿಯಲ್ಲಿ ನಾಲ್ಕೈದು ಮಂದಿ ಕಾಯುತ್ತಿದ್ದರು. ಅವರಲ್ಲಿ ಒಬ್ಬರು ಅಪ್ಪನಿಂದ ಲೆಕ್ಕ ಕಲಿತವರು, ಈಗ ಅಂಗಡಿ ಇಟ್ಟಿರುವವರು. ನನ್ನನ್ನು ಕಂಡದ್ದೇ ಮಾಸ್ಟ್ರು ಸೌಖ್ಯವಾ ಎಂದು ಕೇಳಿದರು. ಸೌಖ್ಯ ಅಂದೆ. ಆ ಮಾತು ಬಾಯಿಂದ ಹೊರಟು ಐದು ನಿಮಿಷವಾಗಿರಲಿಲ್ಲ, ಪಂಡಿತರು ನನ್ನನ್ನು ಹತ್ತಿರ ಕರೆದು, ನಾನು ಮೂತ್ರದ ತೊಂದರೆ ಎಂದದ್ದನ್ನು ಕೇಳಿಸಿಕೊಂಡು, "ಯಾರಿಗೆ ಮಗಾ?" ಅಂದರು.

"ಅಮ್ಮನಿಗೆ."

ಅವರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಉರಿ ಉಂಟಾ? ಉಂಟು. ಆಗಾಗ ಹೋಗಬೇಕು ಅನಿಸುತ್ತದಾ? ಅನಿಸುತ್ತದೆ. ಅವರು ನೆಗ್ಗಿಲ ಮುಳ್ಳಿನ ಕಷಾಯದ ಪುಡಿ ಕಟ್ಟಿಕೊಟ್ಟು, ದಿನಕ್ಕೆರಡು ಹೊತ್ತು ಇದು, ಜೊತೆಗೆ ಬಾಳೆದಿಂಡಿನ ರಸ, ಬಾರ್ಲಿ ನೀರು ಎಷ್ಟು ಕುಡಿದರೂ ಒಳ್ಳೆಯದೇ ಅಂದರು. ನಾನು ಪೊಟ್ಟಣವನ್ನು ಚೀಲಕ್ಕೆ ಹಾಕುತ್ತಿದ್ದಾಗ ಅಂಗಡಿಯವರ ಕಡೆ ತಿರುಗಿ ಮಾತು ಮುಂದುವರಿಸಿದರು: "ಹೆಂಗಸರಿಗಾದ್ರೆ ಇಷ್ಟೇ ಸಾಕು ಮಾರಾಯ. ಪ್ರಾಯ ಆದ ಗಂಡಸರಿಗೆ ಹೀಗೆ ನೀರು ಕುಡಿಸಿದರೆ ಮೂತ್ರ ಕಟ್ಟಿಯೇ ಹೋದೀತು. ಅವರನ್ನು ಕಣ್ಣಲ್ಲಿ ನೋಡದೆ ನಾನು ಮದ್ದು ಕೊಡುದಿಲ್ಲ."

ನನಗೆ ಸ್ಪಷ್ಟವಾಗಿ ಕೇಳಿಸಿತು. ಚೀಲದ ಬಾಯಿ ಮುಚ್ಚಿ, ನಮಸ್ಕಾರ ಹೇಳಿ, ಮೆಟ್ಟಿಲಿಳಿದೆ.

ಬಸ್ಸಿನಲ್ಲಿ ಒಂದು ಉಪಾಯ ಹೂಡಿದೆ: ಕಷಾಯ ಕೊಡುವುದು, ನೀರು ಕಡಿಮೆ ಮಾಡಿಸುವುದು. ಮನೆಗೆ ಬಂದು ಅಮ್ಮನಿಗೆ ನೀರು ಜಾಸ್ತಿ ಬೇಡ ಅಂದೆ. ಪಂಡಿತರು ಹಾಗೆ ಹೇಳಿದ್ದಾ ಎಂದು ಅಮ್ಮ ಕೇಳಿದರು. ಇಲ್ಲ, ಎಷ್ಟಾದರೂ ಕುಡಿಯಬಹುದು ಅಂದಿದ್ದಾರೆ, ಎಂದು ಒಪ್ಪಿಕೊಳ್ಳಬೇಕಾಯಿತು. ಮತ್ತೆ ನಿನ್ನದೆಂತ, ಎಂದು ಅಮ್ಮ ಬಾರ್ಲಿ ಬೇಯಲು ಇಟ್ಟರು. ಇನ್ನೊಂದು ಮಾತು ಆಡಿದ್ದರೆ ಸಾಕಿತ್ತು. ಆ ಒಂದು ಮಾತಿಗೆ ಆ ಗ್ರಂಥಿಯ ವಿಷಯ ಹೇಳಬೇಕಿತ್ತು, ಅಮ್ಮನ ಮುಂದೆ, ಅಪ್ಪನದು ಎಂದು.

ಮಗಳು ತಂದದ್ದು ಎಂದು ಅಪ್ಪ ಒಂದು ಹನಿ ಬಿಡದೆ ಕುಡಿದರು. ಆರನೆಯ ದಿನ ಭಾನುವಾರ, ಬೆಳಿಗ್ಗೆ ತಿಂಡಿಯ ನಂತರ ಬಚ್ಚಲಿಗೆ ಹೋದವರು ಒಂದು ಗಂಟೆ ಹೊರಗೆ ಬರಲಿಲ್ಲ. ಬಂದಾಗ ಗೋಡೆ ಹಿಡಿದುಕೊಂಡಿದ್ದರು. ಹೊಟ್ಟೆಯ ಕೆಳಗೆ ಪಂಚೆ ಬಿಗಿಯಾಗಿತ್ತು. "ಹೋಗುದೇ ಇಲ್ಲ" ಅಂದರು. ಆ ವಿಷಯದಲ್ಲಿ ಅವರು ನಮ್ಮೆದುರು ಆಡಿದ ಮೊದಲ ಮಾತು ಅದು.

ಮಂಗಳೂರಿಗೆ ಕಾರು ಮಾಡಿಕೊಂಡು ಹೋದೆವು. ರಸ್ತೆಯ ಪ್ರತಿ ಹೊಂಡಕ್ಕೂ ಅಪ್ಪ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ಟ್ಯೂಬು ಹಾಕಿದರು. ಗ್ರಂಥಿ ದೊಡ್ಡದಾಗಿದೆ, ಆಪರೇಷನ್ ಬೇಕಾಗುತ್ತದೆ, ಎಂದ ಡಾಕ್ಟರು ಇಷ್ಟು ದಿನ ಏನು ಕುಡಿಯುತ್ತಿದ್ದಿರಿ ಎಂದು ಕೇಳಿದರು. ಮಗಳು ತಂದ ಕಷಾಯ, ಒಳ್ಳೆಯ ಮದ್ದು, ಎಂದರು ಅಪ್ಪ. ನಾನು ಕಿಟಕಿಯ ಕಡೆಗೆ ನೋಡುತ್ತಿದ್ದೆ.

ಟ್ಯೂಬು, ಮೂತ್ರದ ಚೀಲ ಸಮೇತ ಅಪ್ಪ ಮನೆಗೆ ಬಂದರು. ಆಪರೇಷನ್ನಿಗೆ ಎರಡು ವಾರವಿತ್ತು. ಅಷ್ಟರಲ್ಲಿ ಅಮ್ಮ ನೆರೆಮನೆಗಳಲ್ಲೆಲ್ಲ ಪಂಡಿತರ ಮದ್ದಿನಿಂದಲೇ ಹೀಗಾಯಿತೆಂದು ಹೇಳಿದ್ದರು. ನನ್ನೆದುರಿಗೇ ಮೂರು ಕಡೆ ಹೇಳಿದರು. ನಾನು ತಡೆಯಲಿಲ್ಲ.

ಒಂದು ಸಂಜೆ ಪಂಡಿತರೇ ಬಂದರು. ಈ ಮನೆಯಲ್ಲಿ ಯಾರನ್ನೋ ಆಸ್ಪತ್ರೆಗೆ ಸೇರಿಸಿದರು ಎಂದಷ್ಟೇ ಅವರಿಗೆ ತಿಳಿದಿತ್ತು. ಜಗಲಿ ಹತ್ತಿದವರೇ ಅಮ್ಮನನ್ನು ನೋಡಿ, "ಹೇಗುಂಟು ಅಕ್ಕಾ? ಉರಿ ಕಡಿಮೆ ಆಯ್ತಾ?" ಅಂದರು.

"ನನಗಾ? ನನಗೆಂತ ಉರಿ?" ಅಮ್ಮನ ಸ್ವರ ಏರಿತು. "ನೀವು ಕೊಟ್ಟ ಮದ್ದು ಕುಡಿದು ಇವರ ಅವಸ್ಥೆ ನೋಡಿ."

ಪಂಡಿತರು ಆರಾಮಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿದರು, ಕಾಲಬುಡದ ಚೀಲವನ್ನು ನೋಡಿದರು, ಕೊನೆಗೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು. "ನಾನು ಕೊಟ್ಟದ್ದು ನಿಮಗಲ್ವಾ ಅಕ್ಕಾ," ಅಂದರು ಮೆಲ್ಲಗೆ.

ಅಮ್ಮ ನನ್ನ ಕಡೆ ತಿರುಗಿದರು. ಆಗ ಅಪ್ಪ ಮಾತಾಡಿದರು.

"ಹಾಗೆ ಹೇಳ್ಲಿಕ್ಕೆ ಅವಳಿಗೆ ಹೇಳಿದ್ದು ನಾನೇ ಪಂಡಿತರೇ. ನನಗೆ ನಾಚಿಕೆ ಆಯ್ತು."

ಅಪ್ಪ ನನಗೆ ಏನೂ ಹೇಳಿರಲಿಲ್ಲ. ನಾನು ಪುತ್ತಿಗೆಗೆ ಹೋದದ್ದೇ ಅವರಿಗೆ ಮದ್ದು ತಂದ ಮೇಲೆ ತಿಳಿದದ್ದು. ಅವರ ಕಣ್ಣು ನನ್ನ ಕಡೆ ಬರಲಿಲ್ಲ. ಪಂಡಿತರು ಕುರ್ಚಿ ಎಳೆದು ಕೂತು, ಅಂದು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಕೇಳಿದರು. ಎಷ್ಟು ಸಲ, ಎಷ್ಟು ಹೊತ್ತು ನಿಲ್ಲಬೇಕು, ಹನಿ ಹನಿಯಾ. ಅಪ್ಪ ಒಂದೊಂದಕ್ಕೂ ಕ್ರಮವಾಗಿ, ಸ್ಪಷ್ಟವಾಗಿ ಉತ್ತರ ಕೊಟ್ಟರು. ಡಾಕ್ಟರು ಹೇಳಿದಂತೆಯೇ ನಡೆಯಿರಿ, ಸಂಜೆಯ ಮೇಲೆ ನೀರು ಕಡಿಮೆ, ಖಾರ ಕಡಿಮೆ, ಕುಂಬಳದ ಬೀಜ ಹುರಿದು ತಿನ್ನಬಹುದು, ಎಂದು ಪಂಡಿತರು ಎದ್ದರು. ಗೇಟಿನವರೆಗೆ ಅವರ ಜೊತೆ ಹೋದೆ. ಅಪ್ಪ ಹೇಳಿದ್ದು ನಿಜವಲ್ಲ ಅಂದೆ. ಗೊತ್ತುಂಟು, ಅಂದರು, ನನಗೆ ಹೇಳಿ ಎಂತ ಪ್ರಯೋಜನ ಮಗಾ, ಒಳಗೆ ಹೋಗಿ ಹೇಳು.

ಹೇಳಲಿಲ್ಲ. ಆಪರೇಷನ್ ಆಯಿತು, ಅಪ್ಪ ಗುಣವಾಗಿ ಶಾಲೆಗೆ ಮರಳಿದರು. ಅಮ್ಮ ಹೋದ ಮನೆಗಳಿಗೆಲ್ಲ ಮತ್ತೆ ಹೋಗಿ ಪಂಡಿತರದ್ದು ತಪ್ಪಿಲ್ಲ, ಇವರಿಗೇ ನಾಚಿಕೆಯಂತೆ, ನನ್ನ ಹೆಸರು ಹೇಳಿಸಿದ್ದಂತೆ, ಎಂದು ತಿದ್ದಿ ಬಂದರು. ಮಾತು ಶಾಲೆಯವರೆಗೂ ಹೋಯಿತು.

ಅದೇ ವರ್ಷ ಕುಂಬಳೆಯ ಬಸ್ ನಿಲ್ದಾಣದಲ್ಲಿ ಅಪ್ಪನ ಸಹೋದ್ಯೋಗಿಯೊಬ್ಬರು ಸಿಕ್ಕಿದರು. "ಎಂತ ಮಾಸ್ಟ್ರೇ, ಸಂಬಳ ನಿಮ್ಮ ಹೆಸರಲ್ಲಿ, ಕಾಯಿಲೆ ಹೆಂಡತಿಯ ಹೆಸರಲ್ಲಾ?" ಎಂದು ಅವರು ನಕ್ಕರು, ಸುತ್ತ ನಿಂತವರೂ ನಕ್ಕರು. ಅಪ್ಪನೂ ನಕ್ಕರು, ಹೌದು ಮಾರಾಯ, ಹಾಗಾಯ್ತು, ಎಂದರು. ನಾನು ಅವರ ಪಕ್ಕದಲ್ಲೇ ಇದ್ದೆ. ಬಸ್ಸು ಬಂತು. ನಾನು ಮೊದಲು ಹತ್ತಿ ಹೆಂಗಸರ ಸೀಟಿನಲ್ಲಿ ಕೂತೆ.