ವಾಚನಾಲಯದವರು ಕೊಟ್ಟ ಫ್ರಾನ್ಸಿನ ಕಾದಂಬರಿ

ಅವರ ಬಲಗೈಯಲ್ಲಿ ಉಳಿದಿದ್ದುದು ಎರಡೇ ಬೆರಳು. ಉಳಿದ ಮೂರನ್ನು ಹರೆಯದಲ್ಲೇ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಯಂತ್ರ ತಿಂದಿತ್ತು. ಹೆಬ್ಬೆರಳು, ಕಿರುಬೆರಳುಗಳ ನಡುವೆ ಪುಟದ ಅಂಚು ಹಿಡಿದು, ಒಂದೂ ಹರಿಯದಂತೆ ತಿರುವುತ್ತಿದ್ದರು.

ಗಜೇಂದ್ರಗಡದ ವಾಚನಾಲಯ ಅವರ ವಶದಲ್ಲಿತ್ತು. ಐವತ್ತರ ದಶಕದ ಆರಂಭ. ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಯಾವ ಪುಸ್ತಕ ಬೇಕೆಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಮುಖ ನೋಡಿ ತಾವೇ ತೆಗೆದು ಕೊಡುವರು. ಹೆಚ್ಚಾಗಿ ಫ್ರಾನ್ಸು, ಇಂಗ್ಲೆಂಡುಗಳ ಅರಮನೆಯ ಒಳಸಂಚಿನ ಕಾದಂಬರಿಗಳು, ಮರಾಠಿಯ ಹಾದಿಯಿಂದ ಕನ್ನಡಕ್ಕೆ ಬಂದವು. ಆ ದೂರದ ದೊರೆಗಳ ಗೊಡವೆ ನಮಗೇಕೆ ಎಂದು ಒಮ್ಮೆ ಕೇಳಿದೆ.

"ನಮ್ಮೂರ ದೊಡ್ಡಮಂದಿ ಕಥಿ ಬರದ್ರ, ಬರದಾಂವ ಊರಾಗ ಉಳಿಯೂದಿಲ್ರಿ ಅಕ್ಕೋರ. ಅದಕ್ಕ ಫ್ರಾನ್ಸಿನ ರಾಜಾಂದು ಓದ್ರಿ" ಎಂದರು. ನಗಲಿಲ್ಲ.

ನಮ್ಮ ಮುಖ್ಯಾಧ್ಯಾಪಕಿ ಚಿಕ್ಕ ವಯಸ್ಸಿನ ವಿಧವೆ. ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಆ ಜಾಗಕ್ಕೆ ತಮ್ಮ ಬೀಗರ ಮಗಳನ್ನು ತರಬೇಕಿತ್ತು. ಆಕೆಯ ಕೋಣೆಗೆ ಗಂಡಸೊಬ್ಬ ಬಂದುಹೋಗುತ್ತಾನೆಂದು ಹೇಳಿಕೆ ಬರೆಸಿದರು. ಪಕ್ಕದ ಕೋಣೆಯಲ್ಲಿ ಇದ್ದವಳು ನಾನು. ಸೋಮವಾರದೊಳಗೆ ಸಾಕ್ಷಿಯ ಸಹಿ ಹಾಕದಿದ್ದರೆ ನನಗೂ ಕೆಲಸವಿಲ್ಲ ಎಂದರು. ನನ್ನ ಊರಲ್ಲಿ ನನ್ನ ದುಡಿಮೆಯನ್ನೇ ನಂಬಿದ ತಾಯಿ ಇದ್ದಳು.

ಶನಿವಾರ ವಾಚನಾಲಯಕ್ಕೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಎಲ್ಲ ತಿಳಿದಿತ್ತು. ರಟ್ಟು ಕಿತ್ತ ಒಂದು ಕಾದಂಬರಿ ಮುಂದಿಟ್ಟರು. ಅದರಲ್ಲಿ ಮಂತ್ರಿಯೊಬ್ಬ ರಾಣಿಯನ್ನು ಕೆಡವಲು ಆಕೆಯ ಸಖಿಯಿಂದ ಸುಳ್ಳು ಪತ್ರ ಬರೆಸುತ್ತಾನೆ.

"ಪೂರಾ ಓದ್ರಿ. ಆಮ್ಯಾಲೆ ಸಹಿ ಮಾಡೂದೋ ಬಿಡೂದೋ ನೋಡ್ರಿ."

ಸಖಿ ಲೇಖನಿ ಹಿಡಿಯುವ ಪುಟದವರೆಗೆ ಓದಿ ಮುಚ್ಚಿಟ್ಟೆ. ಸೋಮವಾರ ಸಹಿ ಹಾಕಿದೆ.

ಮುಖ್ಯಾಧ್ಯಾಪಕಿ ಊರು ಬಿಟ್ಟ ದಿನ ಯಾರೂ ಅವರನ್ನು ಮಾತಾಡಿಸಲಿಲ್ಲ. ರೋಣದ ಬಸ್ಸಿನವರೆಗೆ ಅವರ ಟ್ರಂಕು ಹೊತ್ತು ನಡೆದವರು ವಾಚನಾಲಯದವರೊಬ್ಬರೇ. ನಾನು ಸಹಿ ಹಾಕಿದ ಹೇಳಿಕೆಯಲ್ಲಿ ಆ ಗಂಡಸಿಗೆ ಹೆಸರಿರಲಿಲ್ಲ. ಈಗ ಮಂಡಳಿಗೆ ಒಂದು ಹೆಸರು ಸಿಕ್ಕಿತು. ವಾಚನಾಲಯವೂ ಅದೇ ಮಂಡಳಿಯದು; ವಾರದೊಳಗೆ ಅದರ ಕೀಲಿಕೈ ಕಸಿದುಕೊಂಡರು.

ಅವರು ಲಕ್ಕಲಕಟ್ಟಿ ಎಂಬ ಹಳ್ಳಿಗೆ, ಅಣ್ಣನ ಮನೆಗೆ ಹೋದರು. ಎರಡು ವರ್ಷ ನಾನು ಅತ್ತ ತಲೆ ಹಾಕಲಿಲ್ಲ. ಹಾಸಿಗೆ ಹಿಡಿದಿದ್ದಾರೆಂದು ಕೇಳಿದ ಮೇಲೆ ಹೋದೆ. ಎದೆಯ ಗೂಡಷ್ಟೇ ಉಳಿದಿತ್ತು, ಮಾತಿಗೊಮ್ಮೆ ಕೆಮ್ಮು. ಅವರ ಅತ್ತಿಗೆ ನನಗೆ ನೀರು ಕೊಟ್ಟು ಒಳಗೆ ಹೋದಳು. ನಿಮ್ಮ ಹೆಸರು ನಾನು ಹೇಳಿರಲಿಲ್ಲ ಎಂದೆ. ಅಷ್ಟು ದೂರ ಹೋಗಿ ಆಡಿದ್ದು ಅದೊಂದೇ ಮಾತು.

"ಗೊತ್ತೈತ್ರಿ ಅಕ್ಕೋರ. ನೀವು ಜಾಗಾ ಖಾಲಿ ಬಿಟ್ಟಿದ್ರಿ. ಅವರು ತುಂಬಿದ್ರು."

ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ.

ಮರುದಿನವೇ ಮಂಡಳಿಗೆ ಬರೆದುಕೊಟ್ಟೆ: ನಾನು ಸಹಿ ಹಾಕಿದ್ದು ಸುಳ್ಳಿಗೆ, ಆ ಕೋಣೆಗೆ ಯಾವ ಗಂಡಸೂ ಬರುತ್ತಿರಲಿಲ್ಲ. ಅಧ್ಯಕ್ಷರು ಓದಿ ಹರಿದುಹಾಕಿದರು. ನನ್ನನ್ನು ಕೆಲಸದಿಂದ ತೆಗೆದರು. ಇದನ್ನು ಹೇಳಲು ಮತ್ತೆ ಲಕ್ಕಲಕಟ್ಟಿಗೆ ಹೋದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಮುಖ್ಯಾಧ್ಯಾಪಕಿಗೂ ಇದನ್ನು ಹೇಳಬೇಕಿತ್ತು. ಆಕೆ ಎಲ್ಲಿದ್ದಾರೆಂದು ಹೇಳಬಲ್ಲವರು, ಅಂದು ಬಸ್ಸಿನವರೆಗೆ ಜೊತೆಗೆ ಹೋಗಿದ್ದ ಅವರೊಬ್ಬರೇ ಇದ್ದರು.