ಎರಡೂವರೆ ಇಂಚು ಕುಸಿದ ಓಣಿ

ಸ್ವಲ್ಪ ತಾಳಿ. ಬೆಂಚ್‌ಮಾರ್ಕ್ ಎಂಬ ಪದದ ಅರ್ಥ ಫೋನಿನಲ್ಲಿ ಹುಡುಕಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ, ಗೊತ್ತು. ಆದರೆ ಇಡೀ ಒಂದು ಓಣಿ, ಮನೆಗಳು, ಮೋರಿ, ಬೇವಿನ ಮರ ಸಮೇತ, ಒಂದು ಬೆಳಿಗ್ಗೆ ಎರಡೂವರೆ ಇಂಚು ಕೆಳಗಿಳಿದು ಕೂತದ್ದನ್ನು ನಾನು ನೋಡಿದ್ದೇನೆ. ಅದನ್ನು ಹೇಳುವ ತನಕ ಕಾಯಿರಿ. ಆ ಪದ ನನಗೆ ನಿಜವಾಗಿ ಅರ್ಥವಾದದ್ದು ಆವತ್ತೇ.

ಎರಡು ವರ್ಷದ ಹಿಂದಿನ ಮಾತು. ಬೀದರಿನಲ್ಲಿ ಮಾಣಿಕಪ್ಪ ಎಂಬ ಕಂಟ್ರಾಕ್ಟರ್ ಹತ್ತಿರ ನಾನು ಲೆವೆಲ್ ನೋಡುವ ಕೆಲಸಕ್ಕಿದ್ದೆ. ನನ್ನ ಊರು ಭಾಲ್ಕಿ. ಸಿವಿಲ್ ಡಿಪ್ಲೊಮಾ ಓದಿದವನಲ್ಲ. ಫೋನಿನಲ್ಲಿ ವಿಡಿಯೋ ನೋಡಿ, ಹಳೇ ಪುಸ್ತಕ ಒಂದನ್ನು ಬೆನ್ನು ಹರಿಯುವ ತನಕ ಓದಿ, ಬಾಡಿಗೆ ಯಂತ್ರ ತಂದು ಮನೆಯ ಮಾಳಿಗೆಯ ಮೇಲೆ ನಿಲ್ಲಿಸಿ ಕಲಿತವನು. ಅಕ್ಕಪಕ್ಕದವರು ನಾನು ಚಂದ್ರನನ್ನು ನೋಡುತ್ತಿದ್ದೇನೆ ಅಂದುಕೊಂಡಿದ್ದರು. ನಾನು ನೋಡುತ್ತಿದ್ದದ್ದು ಎದುರು ಮನೆಯ ನೀರಿನ ಟಾಕಿ.

ಬೆಂಚ್‌ಮಾರ್ಕ್ ಎಂಬ ಮಾತು ಮಾತ್ರ ಅದಕ್ಕೂ ಮೊದಲೇ ಕಿವಿಗೆ ಬಿದ್ದಿತ್ತು. ಬೀದರಿನ ಪಕ್ಕದ ಕೊಳಾರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗೋದಾಮಿನಲ್ಲಿ ಡಬ್ಬಿ ಕಟ್ಟುವ ಕೆಲಸ ಮಾಡುತ್ತಿದ್ದಾಗ ಸೂಪರ್‌ವೈಸರ್ ಎಲ್ಲರಿಗಿಂತ ಜಲ್ದಿ ಕಟ್ಟುವವನನ್ನು ತೋರಿಸಿ, ಅವನೇ ನಿಮ್ಮ ಬೆಂಚ್‌ಮಾರ್ಕ್ ಎನ್ನುತ್ತಿದ್ದ. ಅವನು ರಜೆ ಹಾಕಿದ ದಿನ ಬೆಂಚ್‌ಮಾರ್ಕ್ ಕೂಡ ರಜೆ, ನಾವೆಲ್ಲ ಆರಾಮ. ಬ್ಯಾಂಕಿನವರು, ಮೊಬೈಲ್ ಮಾರುವವರು, ಕೋಚಿಂಗ್ ಕ್ಲಾಸಿನವರು ಕೂಡ ಈ ಪದವನ್ನು ಹೀಗೇ ಬಳಸುತ್ತಾರೆ. ಯಾವುದೋ ಒಂದನ್ನು ಮುಂದಿಟ್ಟು, ಉಳಿದದ್ದೆಲ್ಲ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನೋಡುವುದು. ನಮ್ಮ ಕನ್ನಡದಲ್ಲಿ ಮಾನದಂಡ ಎನ್ನುತ್ತೇವೆ.

ಆದರೆ ಪದ ಹುಟ್ಟಿದ್ದು ಸರ್ವೇಯವರ ನಡುವೆ. ಹಿಂದಿನ ಕಾಲದ ಸರ್ವೇಯವರು ಗಟ್ಟಿ ಕಲ್ಲೊಂದರ ಮೇಲೆ ಅಡ್ಡಗೆರೆ ಕೊರೆಯುತ್ತಿದ್ದರು. ಆ ಗೆರೆಯಲ್ಲಿ ಕಬ್ಬಿಣದ ತುಂಡು ಸಿಕ್ಕಿಸಿದರೆ ಅದೇ ಒಂದು ಪುಟ್ಟ ಬೆಂಚು. ಅದರ ಮೇಲೆ ಅಳತೆಯ ಪಟ್ಟಿ ನಿಲ್ಲಿಸಿ ಸುತ್ತಲಿನ ನೆಲದ ಎತ್ತರ ತೆಗೆಯುತ್ತಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಎಲ್ಲೋ ಒಂದು ಕಲ್ಲು ಸುಮ್ಮನೆ ಕೂತಿದೆ, ಅದನ್ನು ನಂಬಿ ಗುಡ್ಡಗಳು, ಕೆರೆಗಳು, ರಸ್ತೆಗಳೆಲ್ಲ ತಮ್ಮ ಎತ್ತರ ಹೇಳಿಕೊಳ್ಳುತ್ತವೆ ಎಂಬ ಯೋಚನೆಯೇ ಚಂದ ಅನಿಸಿತ್ತು.

ಔರಾದ ಕಡೆಯ ಒಂದು ಊರಿನಲ್ಲಿ ಓಣಿಗೆ ಸಿಮೆಂಟಿನ ಚರಂಡಿ ಹಾಕುವ ಕೆಲಸ ಬಂತು. ಅಲ್ಲಿಗೆ ರೈಲಿಲ್ಲ. ಬೀದರಿನಿಂದ ಬಸ್ಸಿನಲ್ಲಿ ಯಂತ್ರದ ಪೆಟ್ಟಿಗೆ ತೊಡೆಯ ಮೇಲೆ, ಮೂರುಕಾಲಿನ ಸ್ಟ್ಯಾಂಡು ಕಾಲಸಂದಿಯಲ್ಲಿ. ಕಂಡಕ್ಟರ್ ಪ್ರತಿ ಸಲ ಅದಕ್ಕೂ ಒಂದು ಟಿಕೆಟ್ ತಗೋ ಎಂದು ಚೇಷ್ಟೆ ಮಾಡುತ್ತಿದ್ದ. ಕಿಟಕಿಯ ಹೊರಗೆ ಕೆಂಪು ನೆಲ, ತೊಗರಿ ಹೊಲ, ಮತ್ತೆ ಕೆಂಪು ನೆಲ.

ಆ ಓಣಿ ಬಹಳ ಸಪಾಟು. ಮೇಲಿನ ತುದಿಯಿಂದ, ನೀರು ಹೋಗಿ ಸೇರುವ ಕೆಳಗಿನ ಮೋರಿಯ ತನಕ ಸಿಗುವ ಇಳಿಜಾರು ಒಂದು ಗೇಣು ಅಷ್ಟೇ. ನಡುವೆ ಒಂದು ತಿರುವು. ಆ ತಿರುವಿನಲ್ಲಿ, ಅಕ್ಕಪಕ್ಕದ ಮನೆಗಳಿಗಿಂತ ತಗ್ಗಿನಲ್ಲಿ ಶಾಂತಾಬಾಯಿಯ ಮನೆ. ಆಕೆ ಜೋಳದ ರೊಟ್ಟಿ ಬಡಿದು ಔರಾದದ ಖಾನಾವಳಿಗಳಿಗೆ ಕೊಟ್ಟು ಮನೆ ನಡೆಸುವವಳು. ಮಳೆ ಜೋರಾದರೆ ಓಣಿಯ ಕೊಳೆನೀರೆಲ್ಲ ಆಕೆಯ ಅಡುಗೆಮನೆಗೆ. ಒಲೆ ನೆನೆದ ದಿನ ರೊಟ್ಟಿಯಿಲ್ಲ. ಹಿಟ್ಟಿನ ಡಬ್ಬಿಗಳನ್ನು ಇಟ್ಟಿಗೆಗಳ ಮೇಲೆ ಏರಿಸಿಟ್ಟಿದ್ದನ್ನು ಆಕೆ ನನಗೆ ಮೊದಲ ದಿನವೇ ಒಳಗೆ ಕರೆದು ತೋರಿಸಿದಳು. ನಾನು ಇಳಿಜಾರಿನ ಲೆಕ್ಕ ವಿವರಿಸಲು ಶುರು ಮಾಡಿದೆ. ಆಕೆ ಕೈ ಅಡ್ಡ ಹಿಡಿದಳು.

“ನಿನ್ನ ಇಂಗ್ಲಿಷ್ ನನಗ ಬ್ಯಾಡ ತಮ್ಮಾ. ನೀರು ಹೋಗ್ತದೋ ಇಲ್ಲೋ, ಅದಷ್ಟ ಹೇಳು.”

ಹೋಗ್ತದ ಮೌಶಿ ಎಂದೆ. ಹಾಗೆ ಹೇಳಿದ ಮೇಲೆ ಆ ಚರಂಡಿ ನನಗೆ ಬರೀ ಕೆಲಸವಾಗಿ ಉಳಿಯಲಿಲ್ಲ.

ಮೇಲಿನ ತುದಿಯಲ್ಲಿ ಚಾಂದ್‌ಪಾಷಾ ಚಾಚಾ ಅವರ ಮನೆ. ಒಂದು ಕಾಲಕ್ಕೆ ಅಂಗಡಿಗಳ ಬೋರ್ಡು, ಲಾರಿಗಳ ನಂಬರು ಬರೆಯುತ್ತಿದ್ದ ಪೇಂಟರ್. ಮನೆಯ ಮುಂದೆ ಕೆಂಪುಕಲ್ಲಿನ ಅಗಲ ಕಟ್ಟೆ. ಗಟ್ಟಿಯಾಗಿದೆ, ಯಾರೂ ಅಲುಗಾಡಿಸುವುದಿಲ್ಲ ಎಂದು ಅದನ್ನೇ ನಮ್ಮ ಬೆಂಚ್‌ಮಾರ್ಕ್ ಮಾಡಿಕೊಂಡೆವು. ಸಣ್ಣ ಕೆಲಸಗಳಲ್ಲಿ ಹೀಗೆ ಒಂದು ಜಾಗ ಆರಿಸಿ, ಇದರ ಎತ್ತರ ನೂರು ಮೀಟರ್ ಎಂದು ನಾವೇ ಇಟ್ಟುಕೊಳ್ಳುತ್ತೇವೆ. ಕಟ್ಟೆಯ ಮೂಲೆಯಲ್ಲಿ ಕೆಂಪು ಬಣ್ಣದಿಂದ ಒಂದು ತ್ರಿಕೋನ ಬರೆದು, ಪಕ್ಕಕ್ಕೆ 100.000 ಎಂದು ಬರೆದೆ. ನನ್ನ ಕೈಬರಹ ನೋಡಿ ಚಾಚಾ ಮುಖ ಸಿಂಡರಿಸಿದರು. ಅಲ್ಲಿಂದ ಅಳೆಯುತ್ತ ಹೋಗಿ ಕೆಳಗಿನ ಮೋರಿಯ ಕಲ್ಲಿಗೂ ಒಂದು ಗುರುತು ಹಾಕಿದೆ. ಅದರ ಎತ್ತರ 99.140 ಬಂತು.

ಯಂತ್ರದ ಹೆಸರು ಆಟೋ ಲೆವೆಲ್. ಮೂರು ಕಾಲಿನ ಮೇಲೆ ಒಂದು ದುರ್ಬೀನು, ಅದು ಮೇಲೂ ನೋಡುವುದಿಲ್ಲ, ಕೆಳಗೂ ನೋಡುವುದಿಲ್ಲ, ನೇರ ಸಮತಟ್ಟಾಗಿ ನೋಡುತ್ತದೆ. ದೂರದಲ್ಲಿ ಒಬ್ಬರು ಸ್ಟಾಫ್ ಎಂಬ ಉದ್ದನೆಯ ಅಳತೆಪಟ್ಟಿ ಹಿಡಿದು ನಿಲ್ಲುತ್ತಾರೆ. ಪಟ್ಟಿಯ ಮೇಲೆ ಕಾಣುವ ಅಂಕಿ ದೊಡ್ಡದಾದಷ್ಟೂ ಅಲ್ಲಿಯ ನೆಲ ತಗ್ಗು. ಲೆಕ್ಕ ಇಷ್ಟೇ. ಆದರೆ ಆ ಗಾಜಿನೊಳಗೆ ಕಣ್ಣಿಟ್ಟರೆ ಓಣಿಯೇ ಬೇರೆ. ದೂರದ ಮುಖ ಉಸಿರು ತಾಗುವಷ್ಟು ಹತ್ತಿರ ಬರುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ತುಟಿಗಳು ಅಲ್ಲಾಡುತ್ತವೆ, ಮೇಕೆ ಬಾಯಾಡಿಸುತ್ತದೆ, ಬಿಸಿಲೇರಿದಂತೆ ನೆಲದ ಮೇಲಿನ ಗಾಳಿ ನಡುಗಿ ಎಲ್ಲವೂ ನೀರಿನ ತಳದಲ್ಲಿ ಇರುವಂತೆ ತೇಲುತ್ತದೆ. ಕಪ್ಪು ಕೂದಲೆಳೆಯಂಥ ಒಂದು ಅಡ್ಡಗೆರೆ ಮಾತ್ರ ಅಲ್ಲಾಡದೆ ನಿಂತಿರುತ್ತದೆ.

ಮೇಲಿನ ಅರ್ಧ ಚರಂಡಿ ಮುಗಿದು ಶಾಂತಾಬಾಯಿಯ ಬಾಗಿಲಿಗೆ ಬಂದು ನಿಂತಿತು. ಅಷ್ಟರಲ್ಲಿ ಚಾಚಾ ಅವರ ಮಗಳ ಮದುವೆ. ಓಣಿಯ ಅಡ್ಡಕ್ಕೂ ಶಾಮಿಯಾನಾ ಬಿತ್ತು. ಕೆಲಸ ನಿಲ್ಲಿಸಿ ನಾವು ಬೀದರಿಗೆ ವಾಪಸು ಬಂದೆವು. ಮದುವೆಯ ಅಡುಗೆಗೆ ಹಾಕಿದ ಕಲ್ಲಿನ ಒಲೆಗಳು ತಣ್ಣಗಾದ ಮೇಲೆಯೇ ಮತ್ತೆ ಹೋದದ್ದು.

ಆವತ್ತು ಬೆಳಿಗ್ಗೆ ಮಾಣಿಕಪ್ಪ ಕಾಂಕ್ರೀಟಿನ ಮಿಕ್ಸರ್ ತಂದು ನಿಲ್ಲಿಸಿದ್ದರು. ನಾನು ಯಂತ್ರ ಹೂಡಿ, ಒಬ್ಬ ಕೂಲಿಯವನನ್ನು ಚಾಚಾ ಅವರ ಕಟ್ಟೆಗೆ ಕಳಿಸಿದೆ. ಅವನು ಸ್ಟಾಫನ್ನು ಗುರುತಿನ ಮೇಲೆ ಇಟ್ಟು ಕೈ ಎತ್ತಿದ. ದುರ್ಬೀನಿನಲ್ಲಿ ಕಾಣುವುದು ಪಟ್ಟಿ ಮಾತ್ರ, ಅದರ ಪಾದ ಕಾಣುವುದಿಲ್ಲ. ಅಂಕಿ ಓದಿ, ಕೆಳಗಿನ ಅರ್ಧಕ್ಕೆ ಗೂಟ ಹೊಡೆಸಿದೆ. ಗಾರೆ ಕೆಲಸದ ಗವಂಡಿಗಳು ಗೂಟಗಳ ಎತ್ತರಕ್ಕೆ ಕಾಂಕ್ರೀಟಿನ ಹಲಗೆ ಬಿಗಿದರು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ, ಕ್ಲೋಸಿಂಗ್ ಎನ್ನುತ್ತಾರೆ. ಗೊತ್ತಿದ್ದ ಒಂದು ಜಾಗದಿಂದ ಹೊರಟವನು ಗೊತ್ತಿದ್ದ ಇನ್ನೊಂದು ಜಾಗಕ್ಕೆ ಹೋಗಿ ಲೆಕ್ಕ ಕೂಡುತ್ತದೋ ನೋಡಬೇಕು. ಮೋರಿಯ ಗುರುತಿಗೆ ಸ್ಟಾಫ್ ಇಡಿಸಿದೆ. 99.140 ಬರಬೇಕಾದದ್ದು 99.078 ಬಂತು. ಮೋರಿ ಅರವತ್ತೆರಡು ಮಿಲಿಮೀಟರ್, ಅಂದರೆ ಎರಡೂವರೆ ಇಂಚು ಕುಸಿದಿತ್ತು.

ಯಂತ್ರ ಕೆಟ್ಟಿರಬೇಕೆಂದು ಅದನ್ನು ಪರೀಕ್ಷಿಸಿದೆ. ಸರಿಯಾಗಿತ್ತು. ಮುಗಿದಿದ್ದ ಚರಂಡಿಯ ತಳ ನೋಡಿದೆ. ಅದೂ ಎರಡೂವರೆ ಇಂಚು ಕೆಳಗೆ. ಮೊದಲ ಸಲವೇ ಎತ್ತರ ಬರೆದಿಟ್ಟುಕೊಂಡಿದ್ದ ಬೇವಿನ ಮರದ ಬುಡ, ಕೈಪಂಪಿನ ಕಟ್ಟೆ, ಶಾಂತಾಬಾಯಿಯ ಹೊಸ್ತಿಲು, ಎಲ್ಲವೂ ಅಷ್ಟೇ ಅಷ್ಟು. ಒಂದು ಬಿರುಕಿಲ್ಲ, ಒಂದು ಹೆಂಚು ಜಾರಿಲ್ಲ. ಮಂದಿ ಚಹಾ ಕುಡಿಯುತ್ತಿದ್ದಾರೆ, ಕೋಳಿಗಳು ಕೆದರುತ್ತಿವೆ, ಯಾರಿಗೂ ಗೊತ್ತಾಗದ ಹಾಗೆ ಓಣಿಯೆಲ್ಲ ನಿಧಾನಕ್ಕೆ ಮುಳುಗಿದಂತೆ. ದುರ್ಬೀನಿನಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಆ ನಡುಗುವ ಗಾಳಿಯಲ್ಲಿ ಅದು ಸುಳ್ಳೂ ಅನಿಸಲಿಲ್ಲ.

ಆಮೇಲೆ ಹೊಳೆಯಿತು. ಎಲ್ಲವೂ ಒಂದೇ ಅಳತೆಯಲ್ಲಿ ಇಳಿದಿದ್ದರೆ, ಇಳಿದದ್ದು ಅವಲ್ಲ. ಯಾವುದೋ ಒಂದು ಮೇಲೆ ಬಂದಿದೆ.

ಕಟ್ಟೆಯ ಹತ್ತಿರ ಓಡಿದೆ. ಮದುವೆಗೆಂದು ಚಾಚಾ ಕಟ್ಟೆಗೆ ಹೊಸ ಶಹಾಬಾದ ಕಲ್ಲು ಹಾಸಿಸಿದ್ದರು. ಅದರ ಮೂಲೆಯಲ್ಲಿ, ಹಳೇ ಜಾಗದಲ್ಲೇ, ನನ್ನ ಗುರುತು. ನಾನು ಬರೆದದ್ದಕ್ಕಿಂತ ಎಷ್ಟೋ ಚಂದ. ತ್ರಿಕೋನದ ಅಂಚು ಕತ್ತರಿಸಿದ ಹಾಗೆ, ಒಂದೊಂದು ಸೊನ್ನೆಗೂ ಬಿಳಿ ನೆರಳು. ಚಾಚಾ ಹೊರಗೆ ಬಂದು ನನ್ನ ಮುಖ ನೋಡುತ್ತ ನಿಂತರು.

“ಸರ್ಕಾರಿ ನಿಶಾನಿ ಅದ ಬೇಟಾ, ಮುಚ್ಚಿ ಹೋಗಬಾರದು ಅಂತ ನಾನೇ ಕೂತು ಬರದೀನಿ. ಬರಾಬರ್ ಅದ ಇಲ್ಲ?”

ಕಲ್ಲು ಒಂದೂವರೆ ಇಂಚು, ಕೆಳಗಿನ ಗಾರೆ ಒಂದು ಇಂಚು. ಗುರುತು ಅಷ್ಟು ಮೇಲೆ ಬಂದಿದೆ, ಅಂಕಿ ಮಾತ್ರ ಹಳೆಯದೇ. ಅದನ್ನು ನಂಬಿ ಹೊಡೆದ ನನ್ನ ಗೂಟಗಳೂ ಅಷ್ಟೇ ಮೇಲಿವೆ. ಹೀಗೇ ಕಾಂಕ್ರೀಟ್ ಬಿದ್ದರೆ ಕೆಳಗಿನ ಚರಂಡಿಯ ತಳ ಮೇಲಿನದಕ್ಕಿಂತ ಎತ್ತರವಾಗಿ, ಎರಡೂ ಕೂಡುವ ತಿರುವಿನಲ್ಲಿ ನೀರು ನಿಲ್ಲುತ್ತದೆ. ಅಂದರೆ ಶಾಂತಾಬಾಯಿಯ ಬಾಗಿಲಲ್ಲೇ. ಮೆಲ್ಲಗೆ ವಿವರಿಸಿದೆ. ಚಾಚಾ ತಮ್ಮ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಒಳಗೆ ಹೋಗಿ ಹಾರೆ ಹಿಡಿದುಕೊಂಡು ಬಂದರು. ಮಗಳನ್ನು ಕೂರಿಸಿ ಹಲ್ದಿ ಹಚ್ಚಿದ ಕಲ್ಲು ಅದು, ಅರಿಶಿನದ ಕಲೆ ಇನ್ನೂ ಹೋಗಿರಲಿಲ್ಲ.

ನಾನು ಅವರ ಹಾರೆಗೆ ಕೈ ಅಡ್ಡ ಹಾಕಿ ಬೇಡ ಎಂದೆ. ಕಲ್ಲಿನ ತಪ್ಪೇನೂ ಇಲ್ಲ. ಅದು ಈಗ ಎಷ್ಟು ಎತ್ತರದಲ್ಲಿದೆ ಎಂಬುದು ನಮಗೆ ಗೊತ್ತಿದ್ದರೆ ಸಾಕು.

ಅಷ್ಟರಲ್ಲಿ ಮಾಣಿಕಪ್ಪ ಬಂದರು. ವಿಷಯ ಕೇಳಿ ಅವರಿಗೆ ತಲೆ ಕೆಟ್ಟಿತು. ಸಿಮೆಂಟ್ ಕಲಸಲು ಶುರುವಾಗಿದೆ, ಆಳುಗಳು ನಿಂತಿದ್ದಾರೆ, ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಮೂರು ನಾಲ್ಕು ಬೆರಳಿನ ಅಗಲದಷ್ಟು ಫರಕಿಗೆ ಯಾರು ಬಂದು ಅಳೆಯುತ್ತಾರೆ ಎಂದರು. ಗುರುತು ಸರಿಯಾದ ಜಾಗದಲ್ಲೇ ಇದೆಯಲ್ಲ, ಬರೆದದ್ದೂ ನೂರೇ ಇದೆಯಲ್ಲ ಎಂದರು. ನನಗೆ ಕೆಲಸ ಕೊಟ್ಟವರು ಅವರು, ಸರ್ಟಿಫಿಕೇಟ್ ಇಲ್ಲದವನನ್ನು ನಂಬಿ ಕರೆದುಕೊಂಡವರು.

“ಬಣ್ಣ ಮ್ಯಾಲ ಬಂತ್ರಿ ಅಣ್ಣಾ, ಓಣಿ ಮ್ಯಾಲ ಬರಲಿಲ್ರಿ,” ಎಂದೆ.

ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಮಾಣಿಕಪ್ಪನನ್ನು ನೋಡಿ ನಕ್ಕಳು, ಆ ನಗುವಿನಲ್ಲಿ ಖುಷಿ ಇರಲಿಲ್ಲ.

“ಎರಡೂವರಿ ಇಂಚು ನಿನಗ ಸಣ್ಣದು ಕಾಣ್ತದ ಅಣ್ಣಾ. ನಮ್ಮ ಹೊಸ್ತಲ ಇರೋದೇ ಮೂರು ಇಂಚು. ಒಂದು ಮಳಿಗಾಲ ನಮ್ಮನಿಗಿ ಬಂದು ಇರು, ರೊಟ್ಟಿ ನಾ ಹಾಕ್ತೇನಿ.”

ಯಾರೋ ಹಿಂದೆ ಕಿಸಕ್ಕೆಂದರು. ಮಾಣಿಕಪ್ಪ ಟವೆಲ್‌ನಿಂದ ಮುಖ ಒರೆಸಿಕೊಂಡು, ಆಕೆಯ ಹೊಸ್ತಿಲ ತನಕ ನಡೆದು ಹೋಗಿ, ಬಗ್ಗಿ ಬೆರಳಿಟ್ಟು ನೋಡಿದರು. ಎದ್ದು ಬಂದು ಮಿಕ್ಸರ್ ಬಂದ್ ಮಾಡಿಸಿದರು. ಕಲಸಿದ್ದ ಮಾಲನ್ನು ಚರಂಡಿಯ ಮೇಲೆ ಮುಚ್ಚುವ ಚಪ್ಪಡಿಗಳ ಅಚ್ಚಿಗೆ ಸುರಿಯಲು ಹೇಳಿದರು. ನನಗೆ ಹೇಳಿದ್ದು ಒಂದೇ ಮಾತು.

“ಗೂಟ ಕೀಳು. ಈ ಸರ್ತಿ ಬರಾಬರ್ ಹೊಡಿ.”

ಮೋರಿಯ ಗುರುತಿನಿಂದ ಹಿಂದಕ್ಕೆ ಅಳೆಯುತ್ತ ಬಂದು ಕಟ್ಟೆಯ ಹೊಸ ಎತ್ತರ ತೆಗೆದೆ. 100.062. ಚಾಚಾ ಒಳಗಿನಿಂದ ಬಣ್ಣದ ಡಬ್ಬಿ, ಸಣ್ಣ ಕುಂಚ ತಂದು ಕಲ್ಲಿನ ಮೇಲೆ ಕೂತರು. ಕೊನೆಯ ಎರಡು ಸೊನ್ನೆ ಕೆರೆದು ತೆಗೆದು 62 ಬರೆಯುವಾಗ ಅವರ ಉಸಿರಾಟವೂ ಕೇಳುತ್ತಿರಲಿಲ್ಲ. ಆರಕ್ಕೂ ಎರಡಕ್ಕೂ ನೆರಳು ಹಾಕುವುದನ್ನು ಮರೆಯಲಿಲ್ಲ.

ಮರುದಿನ ಕಾಂಕ್ರೀಟ್ ಬಿತ್ತು. ಒಣಗಿದ ಮೇಲೆ ಮೇಲಿನ ತುದಿಯಲ್ಲಿ ಚಾಚಾ ಅವರ ಮನೆಯಿಂದಲೇ ಕೊಡಗಳಲ್ಲಿ ನೀರು ತಂದು ಬಿಟ್ಟೆವು. ಓಣಿಯವರೆಲ್ಲ ಚರಂಡಿಯ ಪಕ್ಕದಲ್ಲಿ ನಡೆಯುತ್ತ ಬಂದರು. ನೀರಿನ ತುದಿಯಲ್ಲಿ ಒಂದು ಒಣ ಬೇವಿನ ಎಲೆ ತೇಲುತ್ತಿತ್ತು. ತಿರುವಿನಲ್ಲಿ ಅದು ಸ್ವಲ್ಪ ತಡೆಯಿತು, ಒಂದು ಸುತ್ತು ತಿರುಗಿತು. ಶಾಂತಾಬಾಯಿ ತನ್ನ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು. ಎಲೆ ಬಿಡಿಸಿಕೊಂಡು ಮೋರಿಯ ಕಡೆ ಹೊರಟಿತು. ಆಕೆ ಎದ್ದು ಒಳಗೆ ಹೋಗಿ, ಹಿಟ್ಟಿನ ಡಬ್ಬಿಗಳ ಕೆಳಗಿನ ಇಟ್ಟಿಗೆಗಳನ್ನು ಒಂದೊಂದಾಗಿ ತಂದು ಹೊರಗೆ ಇಟ್ಟಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬೆಂಚ್‌ಮಾರ್ಕ್ ಅಂದರೆ ಗುರುತಲ್ಲ, ಬರೆದ ಅಂಕಿಯೂ ಅಲ್ಲ. ಅದರ ಕೆಳಗೆ ಅಲುಗಾಡದೆ ಇರುವುದೇನಿದೆಯೋ ಅದು. ಗುರುತನ್ನು ಯಾರು ಬೇಕಾದರೂ, ಒಳ್ಳೆ ಮನಸ್ಸಿನಿಂದಲೇ, ಮೇಲೆತ್ತಿ ಬರೆಯಬಹುದು. ಹಾಗಾದಾಗ ಉಳಿದವರೆಲ್ಲ ಕಡಿಮೆಯಾಗಿ ಕಾಣುತ್ತಾರೆ. ಈಗ ಯಾವುದಾದರೂ ಆಫೀಸಿನಲ್ಲೋ ಸಾಲೆಯಲ್ಲೋ, ಎಲ್ಲರೂ ಬೆಂಚ್‌ಮಾರ್ಕಿಗಿಂತ ಕೆಳಗೆ ಬಿದ್ದಿದ್ದಾರೆ ಎಂದು ಕೇಳಿದರೆ, ಬಿದ್ದವರಿಗಿಂತ ಮೊದಲು ಅಳತೆಯ ಕಲ್ಲನ್ನೇ ಹೋಗಿ ನೋಡಬೇಕು ಅನಿಸುತ್ತದೆ.

ನಿಮ್ಮ ಕೆಲಸದಲ್ಲೂ ಇಂಥದೊಂದು ಕಲ್ಲು ಇರುತ್ತದೆ. ಹೊಲಿಗೆಯವರಿಗೆ, ಅಡುಗೆಯವರಿಗೆ, ಮೇಷ್ಟ್ರಿಗೆ, ನರ್ಸಿಗೆ, ಪ್ರತಿಯೊಬ್ಬರಿಗೂ ಉಳಿದದ್ದನ್ನು ತೂಗಿ ನೋಡುವ ಒಂದು ಸಂಗತಿ. ನಿಮ್ಮದು ಯಾವುದು? ಅದು ಎಂದಾದರೂ ನಿಮಗೆ ಗೊತ್ತಿಲ್ಲದ ಹಾಗೆ ಜರುಗಿತ್ತೇ, ನೀವು ಹೇಗೆ ಕಂಡುಹಿಡಿದಿರಿ? ದಯವಿಟ್ಟು ಕೆಳಗೆ ಬರೆಯಿರಿ. ಎರಡು ಸಾಲಾದರೂ ಸರಿ, ಕೂತು ಓದುತ್ತೇನೆ.