ಅಂಗೈ ಕೆಳಗಿನ ಅಂಗೈ

ತಿಳವಳ್ಳಿಗೆ ಸೊಸೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ನಾನು ಎಡಗೈಯ ಕಿರುಬೆರಳನ್ನು ಕಳೆದುಕೊಂಡೆ. ಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆಗೂ ಅರಿವೆಗೂ ಚೀಟಿ ಹಿಡಿದುಕೊಂಡು ನಿಲ್ಲಬೇಕಾಗಿತ್ತು. ನನಗೆ ಹದಿನೇಳು ವರ್ಷ. ಮನೆಯಲ್ಲಿ ಅತ್ತೆ, ಮಾವ, ಯಜಮಾನರು ಮತ್ತು ನಾನು, ನಾಲ್ಕೇ ಜನ.

ನನ್ನ ತವರು ಹಿರೇಬೆಂಡಿಗೇರಿ. ಅಲ್ಲಿ ಕರಿಮಣ್ಣಿನ ಹೊಲ, ಜೋಳ, ಹತ್ತಿ. ಜೋಳದ ದಂಟು ಕೊಯ್ದು ಗೊತ್ತಿತ್ತೇ ಹೊರತು ಭತ್ತ ಕೊಯ್ದು ಗೊತ್ತಿರಲಿಲ್ಲ. ಭತ್ತದ ಗದ್ದೆಯಲ್ಲಿ ಬಗ್ಗಿ, ಎಡಗೈಯಲ್ಲಿ ಹಿಡಿತುಂಬ ಪೈರು ಹಿಡಿದು, ಬಲಗೈಯ ಕುಡಗೋಲನ್ನು ತನ್ನತ್ತ ಎಳೆದುಕೊಳ್ಳಬೇಕು. ಅತ್ತೆ ಅದನ್ನು ಉಸಿರಾಡಿದಷ್ಟು ಸಲೀಸಾಗಿ ಮಾಡುತ್ತಿದ್ದರು. ಮಾತು ಬಹಳ ಕಡಿಮೆಯ ಹೆಂಗಸು. ಬಂದು ಎಂಟು ತಿಂಗಳಾದರೂ ಅವರು ನನ್ನ ಬಗ್ಗೆ ಏನಂದುಕೊಂಡಿದ್ದಾರೆ ಎಂಬುದು ನನಗೆ ತಿಳಿದಿರಲಿಲ್ಲ. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರ ಅನಿಸುತ್ತಿತ್ತು.

ಕೊಯ್ಲಿನ ಎರಡನೆಯ ದಿನ ಅವರಿಗಿಂತ ಹಿಂದೆ ಬೀಳಬಾರದೆಂದು ಅವಸರ ಮಾಡಿದೆ. ಕುಡಗೋಲು ಪೈರು ದಾಟಿ ಕಿರುಬೆರಳಿನ ಬುಡಕ್ಕೆ ತಾಗಿತು. ಸಿಟ್ಟು ಬಂದದ್ದು ಕುಡಗೋಲಿನ ಮೇಲಲ್ಲ, ನನ್ನ ಮೇಲೆ. ಯಾರೂ ನೋಡಲಿಲ್ಲ. ಬದುವಿನ ಮೇಲಿನ ಸೊಪ್ಪು ಅಗಿದು ಇಟ್ಟು, ತಲೆಗೆ ಕಟ್ಟಿಕೊಂಡಿದ್ದ ಅರಿವೆಯ ಅಂಚು ಹರಿದು ಸುತ್ತಿಕೊಂಡೆ. ಮನೆಗೆ ಬಂದು ಅರಿಶಿನ ಒತ್ತಿದೆ. ಕೇಳಿದವರಿಗೆ ಮುಳ್ಳು ಚುಚ್ಚಿದೆ ಎಂದೆ. ಮರುದಿನ ಮತ್ತೆ ಗದ್ದೆಗೆ ಹೋದೆ.

ಐದನೆಯ ದಿನದ ಮುಂಜಾನೆ ಅದು ಬಯಲಾಯಿತು. ನಮ್ಮ ಮನೆತನದಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವಂತಿಲ್ಲ. ಕೊರಳಲ್ಲಿ ಕಟ್ಟಿದ ಲಿಂಗವನ್ನು ಬಿಚ್ಚಿ ಎಡಗೈಯ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಬೇಕು. ಅವತ್ತು ಲಿಂಗವನ್ನು ಅಂಗೈಯಲ್ಲಿ ಇಟ್ಟೊಡನೆ ಬೆಂಕಿ ಇಟ್ಟಂತಾಯಿತು. ಲಿಂಗ ಜಾರಿತು. ಉಡಿಯಲ್ಲಿ ಬಿತ್ತು, ನೆಲಕ್ಕೆ ಬೀಳಲಿಲ್ಲ. ಎದುರಿಗೆ ಕುಳಿತು ತಮ್ಮ ಪೂಜೆ ಮಾಡುತ್ತಿದ್ದ ಅತ್ತೆ ಕಣ್ಣೆತ್ತಿದರು.

“ಕೈ ತೋರ್ಸು.”

“ಏನಿಲ್ರಿ ಅತ್ತೀ, ಮುಳ್ಳು…”

“ತೋರ್ಸಂದೆ.”

ಅರಿವೆ ಬಿಚ್ಚಿದರು. ಬೆರಳು ಕಪ್ಪಾಗಿತ್ತು. ಅಂಗೈ ಬಾತು, ಕೆಂಪು ಮಣಿಕಟ್ಟಿನ ತನಕ ಏರಿತ್ತು. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. ಒಳಗೆ ಹೋಗಿ ಮಗನಿಗೆ, “ಚಕ್ಕಡಿ ಕಟ್ಟು. ಹಾನಗಲ್ಲಿಗೆ ಹೋಗೂಣು” ಎಂದರು. ಪೈರು ಗದ್ದೆಯಲ್ಲಿ ಮಲಗಿತ್ತು, ಮೋಡ ಬೇರೆ ಆಗಿತ್ತು. ಯಜಮಾನರು ಒಂದು ಕ್ಷಣ ಮಾವನ ಮುಖ ನೋಡಿದರು. ಮಾವ, “ಗದ್ದಿ ನಾ ನೋಡ್ಕೋತೇನಿ, ನೀ ಹೋಗು” ಎಂದರು.

ದಾರಿಯುದ್ದಕ್ಕೂ ಹುಲ್ಲಿನ ಮೇಲೆ ಮಲಗಿದ್ದೆ. ಚಕ್ರ ಕಲ್ಲಿಗೆ ಹಾಯ್ದಾಗಲೆಲ್ಲ ನೋವು ಭುಜದ ತನಕ ಓಡುತ್ತಿತ್ತು. ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ದಿಂಬಿಟ್ಟು ಎತ್ತಿ ಹಿಡಿದು ಕುಳಿತಿದ್ದರು. ಯಾಕೆ ಮುಚ್ಚಿಟ್ಟೆ ಎಂದು ಈಗಲಾದರೂ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ.

ದವಾಖಾನೆಯ ಡಾಕ್ಟರು ವಯಸ್ಸಾದವರು. ಕೈ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದುಕೊಂಡು, ಆಮೇಲೆ ಯಜಮಾನರನ್ನೂ ಅತ್ತೆಯನ್ನೂ ಹೊರಗೆ ಕರೆದರು. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಕೀವು ಅಂಗೈಗೆ ಇಳಿದಿದೆ, ಕೊಯ್ದು ತೆಗೆಯಬೇಕು, ಕಿರುಬೆರಳು ಉಳಿಯುವುದಿಲ್ಲ, ತಡ ಮಾಡಿದರೆ ಕೈಯೇ ಹೋಗಬಹುದು. ಉತ್ತರ ಕೊಟ್ಟದ್ದು ಅತ್ತೆ: “ಬೆರಳ ಹೋಗ್ಲಿ ಬಿಡ್ರಿ. ಹುಡುಗಿನ್ನ ಉಳಿಸಿ ಕೊಡ್ರಿ.”

ಮೂರ್ಛೆಯ ಔಷಧ ಕೊಡುವ ಮೊದಲು ಮೈಮೇಲಿನ ಬಳೆ, ಸರ ಎಲ್ಲ ತೆಗೆಯಲು ಹೇಳಿದರು. ಲಿಂಗದ ದಾರವನ್ನು ಬಿಚ್ಚಲು ನಾನು ಒಪ್ಪಲಿಲ್ಲ, ಅಳತೊಡಗಿದೆ. ಅತ್ತೆ ಡಾಕ್ಟರಿಗೆ ಕೈಮುಗಿದು, ಆ ದಾರವನ್ನು ನನ್ನ ಬಲಗೈಯ ರಟ್ಟೆಗೆ ಕಟ್ಟಿದರು. “ಮೈಮ್ಯಾಲೇ ಐತಿ ನೋಡು. ಕಣ್ಮುಚ್ಚು” ಎಂದರು. ಮೂಗಿನ ಮೇಲೆ ಅರಿವೆ ಬಂತು, ಸಿಹಿಯಾದ ವಾಸನೆ ಬಂತು. ಅಷ್ಟೇ ನೆನಪು.

ಎಚ್ಚರವಾದಾಗ ಕೈ ಒಂದು ದೊಡ್ಡ ಬಿಳಿ ಗಂಟಾಗಿತ್ತು. ಬೆರಳು ಇದೆಯೋ ಇಲ್ಲವೋ ಕಾಣದು. ಆದರೆ ಕಿರುಬೆರಳು ನೋಯುತ್ತಲೇ ಇತ್ತು. ಆದ್ದರಿಂದ ಉಳಿದಿದೆ ಎಂದುಕೊಂಡು ಅರ್ಧ ದಿನ ಸಮಾಧಾನದಲ್ಲಿದ್ದೆ. ಸಂಜೆ ಯಜಮಾನರು ಮಂಚದ ಪಕ್ಕ ಕುಳಿತು, ನನ್ನ ಮುಖ ನೋಡದೆ, “ನಾಕ ಅದಾವು” ಎಂದರು. ಇಷ್ಟನ್ನು ಹೇಳಲು ಅವರು ಎಷ್ಟು ಹೊತ್ತಿನಿಂದ ಒದ್ದಾಡಿದ್ದರೋ. ಹೇಳಿ ಎದ್ದು ಎತ್ತುಗಳನ್ನು ನೋಡಿ ಬರುತ್ತೇನೆಂದು ಹೊರಟುಬಿಟ್ಟರು.

ಅವರು ಮರುದಿನ ಸುಗ್ಗಿಗೆಂದು ಊರಿಗೆ ಮರಳಿದರು. ಅತ್ತೆ ನನ್ನೊಡನೆ ಹನ್ನೆರಡು ದಿನ ಹಾನಗಲ್ಲಿನಲ್ಲಿ ಉಳಿದರು. ಹುಟ್ಟಿದಾಗಿನಿಂದ ಸುಗ್ಗಿಯಲ್ಲಿ ಮನೆ ಬಿಟ್ಟಿರದ ಹೆಂಗಸು.

ಶಸ್ತ್ರಚಿಕಿತ್ಸೆಯಾದ ಮರುದಿನ ಬೆಳಿಗ್ಗೆ ಗಂಜಿ ಬಂತು. ನಾನು ಕುಡಿಯಲಿಲ್ಲ. ಪೂಜೆ ಆಗಿರಲಿಲ್ಲ, ಮಾಡಲು ಅಂಗೈ ಇರಲಿಲ್ಲ. ಯಜಮಾನರು ಹೊರಡುವ ತಯಾರಿಯಲ್ಲಿದ್ದವರು, “ಊರಾಗ ಮಠದ ಅಯ್ಯಾರನ್ನ ಕೇಳ್ಕೊಂಡು ಬರ್ತೇನಿ, ಇಂಥಾದ್ದರಾಗ ಏನ ಮಾಡಬೇಕಂತ” ಎಂದರು.

“ನೀ ಹೋಗಿ ಕೇಳಿ ಬರೂತನಕಾ ಇಕಿ ಉಪವಾಸ ಇರಬೇಕನು?” ಎಂದರು ಅತ್ತೆ.

ಮುಖ ತೊಳೆಸಿದರು, ವಿಭೂತಿ ತಂದರು. ನನ್ನೆದುರು ಮಂಚದ ಮೇಲೆ ಕುಳಿತು ತಮ್ಮ ಎಡಗೈಯನ್ನು ಚಾಚಿ, ನನ್ನ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ಎತ್ತಿ ಅದರ ಮೇಲೆ ಇಟ್ಟುಕೊಂಡರು. ಮೇಲೆ ಒಂದು ಶುಭ್ರ ಅರಿವೆಯ ತುಂಡು. ಅದರ ಮೇಲೆ ನನ್ನ ಲಿಂಗ. ನೀರೆರೆದರೆ ಪಟ್ಟಿ ನೆನೆಯುತ್ತದೆಂದು ಬೆರಳು ಅದ್ದಿ ಒಂದೇ ಹನಿ ಮುಟ್ಟಿಸಲು ಹೇಳಿದರು. ನನ್ನ ಬಲಗೈ ಮಾತ್ರ ಪೂಜೆ ಮಾಡಿತು. ಇಬ್ಬರ ಎಡಗೈಗಳು ಒಂದರ ಕೆಳಗೊಂದು ಅಲುಗಾಡದೆ ನಿಂತಿದ್ದವು. ಪೂಜೆ ಮುಗಿದ ಮೇಲೆ ಅವರು ಗಂಜಿಯ ಬಟ್ಟಲನ್ನು ನನ್ನ ಬಾಯಿಗೆ ಹಿಡಿದರು.

ಯಜಮಾನರು ಮುಂದಿನ ವಾರ ಬಂದಾಗ ಅಯ್ಯನವರ ಮಾತು ತಂದಿದ್ದರು. ಎಲ್ಲ ಕೇಳಿದ ಅಯ್ಯನವರು, “ಗಾಯ ಮಾಯಾಕತ್ತೇತೇನು?” ಎಂದಷ್ಟೇ ಕೇಳಿದರಂತೆ.

ಊರಿಗೆ ಮರಳಿದ ಮೇಲೆ ದಿನವೂ ಪಟ್ಟಿ ಬದಲಿಸಬೇಕಿತ್ತು. ಹೊಸ ಅರಿವೆ ಸಿಗುವಂತಿರಲಿಲ್ಲ. ಮಾವನ ಹಳೆಯ ಧೋತರಗಳನ್ನು ಹರಿದು, ಕುದಿಸಿ, ಒಣಗಿಸಿ, ಅತ್ತೆ ಒಂದು ಡಬ್ಬಿಯಲ್ಲಿ ಸುರುಳಿ ಸುತ್ತಿಟ್ಟರು. ಒಣ ರಕ್ತಕ್ಕೆ ಅಂಟಿದ ಪಟ್ಟಿಯನ್ನು ಬಿಸಿ ಉಪ್ಪುನೀರಿನಲ್ಲಿ ನೆನೆಸಿ ಬಿಡಿಸುವಾಗ ನಾನು ತುಟಿ ಕಚ್ಚುತ್ತಿದ್ದೆ. “ಚೀರು, ಯಾರೂ ಇಲ್ಲ ಇಲ್ಲೆ” ಎನ್ನುತ್ತಿದ್ದರು. ಮೊದಲ ಸಲ ಗಾಯವನ್ನು ಪೂರ್ತಿ ನೋಡಿದ ದಿನ ಚೀರಿದೆ. ಅದು ನೋವಿಗಲ್ಲ. ಅಷ್ಟು ಕಿರಿದಾದ, ಹಕ್ಕಿಯ ಕಾಲಿನಂಥ ಕೈ ನನ್ನದು ಎನ್ನಲು ಮನಸ್ಸು ಬರಲಿಲ್ಲ.

ಒಂದೇ ಕೈಯಲ್ಲಿ ಏನೇನು ಆಗುವುದಿಲ್ಲ ಎಂಬುದು ಆಗ ಗೊತ್ತಾಯಿತು. ರೊಟ್ಟಿ ಬಡಿಯಲು ಆಗದು ಎಂದು ಮೊದಲೇ ತಿಳಿದಿತ್ತು. ಆದರೆ ತಲೆ ಬಾಚಲು, ಸೀರೆಯ ನಿರಿಗೆ ಹಿಡಿಯಲು, ಕುಬಸದ ಗಂಟು ಹಾಕಲು ಸಹ ಆಗದು ಎಂದು ಯಾರು ಯೋಚಿಸುತ್ತಾರೆ? ಅತ್ತೆ ಎಣ್ಣೆ ಹಚ್ಚಿ, ಕೂದಲು ಬೇರು ಸಹಿತ ಬರುವಂತೆ ಎಳೆದು ಹೆಣೆಯುತ್ತಿದ್ದರು. ಅವರು ಕೆರೆಗೆ ಹೋಗಿದ್ದ ಒಂದು ಮುಂಜಾನೆ ಕುಬಸದ ಗಂಟಿನ ಕೆಲಸ ಯಜಮಾನರ ಪಾಲಿಗೆ ಬಂತು. ಎತ್ತಿಗೆ ಹಗ್ಗ ಕಟ್ಟಿದ ಕೈ. ಗಂಟು ಹಾಕಿದ್ದೂ ಹಾಗೆಯೇ.

“ಉಸರಾಡಾಕ ಬರವಲ್ದು, ಸಡ್ಲ ಮಾಡ್ರಿ” ಎಂದೆ.

ಬಿಚ್ಚಲು ಹೋದರು, ಬರಲಿಲ್ಲ. ಹಲ್ಲು ಹಚ್ಚಿದರು. ಅಷ್ಟರಲ್ಲಿ ಕೊಡ ಹೊತ್ತು ಬಂದ ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಹಿಂದೆ ಸರಿದರು. ಅಂಗಳದಿಂದ ನಗು ಕೇಳಿಸಿತು. ಅತ್ತೆ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಯಜಮಾನರು ಕಿವಿಯ ತುದಿಯ ತನಕ ಕೆಂಪಾಗಿ, ಹಿತ್ತಲ ಬಾಗಿಲಿನಿಂದ ಪಾರಾದರು.

ಗಾಯ ಮಾಯ್ದ ಮೇಲೆ ಬೇರೆಯೇ ತೊಂದರೆ. ಅಂಗೈ ಮುದುಡಿಕೊಂಡು ನಿಂತಿತು. ಬೆರಳು ಪೂರ್ತಿ ಮಡಚಲೂ ಬಾರದು, ಬಿಚ್ಚಲೂ ಬಾರದು. ಮೆತ್ತಗಿನದೇನಾದರೂ ಹಿಡಿದು ಹಿಚುಕುತ್ತಿರಬೇಕು, ಇಲ್ಲದಿದ್ದರೆ ಹಾಗೇ ಸೆಟೆದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾವ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ, ಅದು ಆಗಿನ ಪದ್ಧತಿ. ಒಂದು ದಿನ ಕಟ್ಟೆಯ ಮೇಲೆ ಲಿಂಬೆಹಣ್ಣಿನ ಗಾತ್ರದ ಜೇನುಮೇಣದ ಉಂಡೆ ಕಂಡಿತು. ಬಿಸಿಲು ಬೀಳುವ ಜಾಗ ನೋಡಿ ಇಟ್ಟಿದ್ದರು. ಮೇಣ ಬೆಚ್ಚಗಾಗಿ ಮೆತ್ತಗಾಗುವ ಹೊತ್ತಿಗೆ ಹೊರಗಿನಿಂದ ಕೆಮ್ಮುತ್ತಿದ್ದರು. ನಾನು ಹೋಗಿ ತೆಗೆದುಕೊಂಡು ಹಿಚುಕುತ್ತ ಕೂರುತ್ತಿದ್ದೆ. ತಣ್ಣಗಾಗಿ ಗಟ್ಟಿಯಾದರೆ ಮತ್ತೆ ಕಟ್ಟೆಯ ಮೇಲೆ ಇಡುವುದು. ಬಿಸಿಲು ಸರಿದಂತೆ ಉಂಡೆಯೂ ಸರಿಯುತ್ತಿತ್ತು. ಯಾರು ಸರಿಸುತ್ತಿದ್ದರೆಂದು ಕೇಳುವ ಅಗತ್ಯವಿರಲಿಲ್ಲ.

ಅವ್ವ ಬಂದದ್ದು ಈ ದಿನಗಳಲ್ಲಿ. ಸುದ್ದಿ ಹಿರೇಬೆಂಡಿಗೇರಿಗೆ ತಡವಾಗಿ ಮುಟ್ಟಿತ್ತು. ಚಕ್ಕಡಿ ಇಳಿದವಳೇ ನನ್ನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅತ್ತೆಗೆ, “ಬೀಗರ, ಮಗಳನ್ನ ಕರ್ಕೊಂಡು ಹೋಗ್ತೇನ್ರಿ. ದುಡಿಯಾಕ ಬರದ ಸೊಸಿ ನಿಮಗೂ ಭಾರ. ಕೈ ನೆಟ್ಟಗಾದ ಮ್ಯಾಲ ಕಳಸ್ತೇನಿ” ಎಂದಳು.

ಮದುವೆಯಾದಾಗಿನಿಂದ ತವರಿನ ಹೆಸರು ಕೇಳಿದರೆ ಸಾಕು, ಕಣ್ಣು ತುಂಬುತ್ತಿದ್ದ ಹುಡುಗಿ ನಾನು.

“ಭಾರ ಅಂತ ಯಾರೂ ಅಂದಿಲ್ರಿ,” ಎಂದರು ಅತ್ತೆ. “ಅಕಿನ್ನ ಕೇಳ್ರಿ. ಹೋಗ್ತೇನಿ ಅಂದ್ರ ಹೋಗ್ಲಿ.”

ಇಬ್ಬರೂ ನನ್ನತ್ತ ನೋಡಿದರು. ಹೋಗುತ್ತೇನೆ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದಾಗ ಬಂದದ್ದು ಬೇರೆ: “ಅವ್ವಾ, ನೀನ ಇಲ್ಲೆ ನಾಕ ದಿನ ಇರು.”

ಅವ್ವನಿಗೆ ಬೇಸರವಾಯಿತು. ಅದನ್ನು ಮುಚ್ಚಿಡಲು ಕೂಡಲೇ ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಆರು ದಿನ ಇದ್ದಳು. ನಾಲ್ಕನೆಯ ದಿನದ ಹೊತ್ತಿಗೆ ಅವಳೂ ಅತ್ತೆಯೂ ನನ್ನ ಕೈಯನ್ನು ಮರೆತು, ನಮ್ಮ ಜೋಳದ ರೊಟ್ಟಿ ಹೆಚ್ಚೋ ಇಲ್ಲಿಯ ಅಕ್ಕಿರೊಟ್ಟಿ ಹೆಚ್ಚೋ ಎಂದು ವಾದಕ್ಕಿಳಿದಿದ್ದರು. ಹೊರಡುವಾಗ ನನ್ನ ಕೆನ್ನೆ ಸವರಿ, “ಚಲೋ ಮನಿ ಸಿಕ್ಕೇತಿ ನಿನಗ” ಎಂದಳು. ಅಷ್ಟಕ್ಕೆ ಮತ್ತೆ ಅತ್ತಳು.

ಅವಳು ಹೋದ ಮೇಲೂ ನಮ್ಮ ಮುಂಜಾನೆಗಳು ಹಾಗೆಯೇ ನಡೆದವು. ತಣ್ಣೀರಿನ ಸ್ನಾನ, ಎದುರುಬದುರು ಕುಳಿತುಕೊಳ್ಳುವುದು, ನನ್ನ ಕೈಯ ಕೆಳಗೆ ಅತ್ತೆಯ ಕೈ. ಪಟ್ಟಿ ಹೋಗಿ ಈಗ ಅವರ ಅಂಗೈ ನೇರವಾಗಿ ನನ್ನ ಹಿಂಗೈಗೆ ತಾಗುತ್ತಿತ್ತು. ಕುಡಗೋಲು ಹಿಡಿದು ಒರಟಾದ, ಬೆಳಿಗ್ಗೆಯೂ ಬೆಚ್ಚಗಿರುವ ಕೈ. ಆ ಹೊತ್ತಿನಲ್ಲಿ ಅವರು ಒಂದೆರಡು ಮಾತು ಆಡುತ್ತಿದ್ದರು. ತಾವು ಸೊಸೆಯಾಗಿ ಬಂದಾಗಿನದು, ಹುಟ್ಟಿದ ವಾರಕ್ಕೇ ಹೋದ ಮಗಳೊಬ್ಬಳದು.

ಚಳಿ ಕಳೆಯುವ ಹೊತ್ತಿಗೆ ಅಂಗೈ ಅಷ್ಟಿಷ್ಟು ಅಗಲವಾಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮೇಣದ ಉಂಡೆಯನ್ನು ಅಂಗೈಯಲ್ಲಿಟ್ಟು ಕೈ ಚಾಚಿ ನೋಡಿದೆ. ಉರುಳಲಿಲ್ಲ. ಉಸಿರು ಬಿಗಿಹಿಡಿದು ನೂರು ಎಣಿಸಿದೆ. ಆಗಲೂ ಉರುಳಲಿಲ್ಲ. ನನ್ನ ಪೂಜೆಯನ್ನು ಇನ್ನು ನಾನೇ ಮಾಡಿಕೊಳ್ಳಬಹುದಿತ್ತು.

ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಹೇಳಿದರೆ ಕೆಳಗಿನ ಕೈ ಹೋಗುತ್ತದೆ ಎಂಬುದಷ್ಟೇ ಕಾರಣ. ನಾಲ್ಕು ದಿನ ದೇವರ ಮುಂದೆ ಕುಳಿತು ಕೈಲಾಗದವಳಂತೆ ನಟಿಸಿದೆ. ಐದನೆಯ ದಿನ ತಡೆಯಲಾಗದೆ, “ಅತ್ತೀ, ಇವತ್ತ ನಾನ ಹಿಡೀತೇನ್ರಿ” ಎಂದೆ.

“ಹಿಡಿ” ಎಂದು ಕೈ ತೆಗೆದರು. ಲಿಂಗ ನನ್ನ ಅಂಗೈಯಲ್ಲಿ ನಿಂತಿತು. ನಾಚಿಕೆಯಾಗಿ, “ನಾಕ ದಿನದ ಹಿಂದನ ಬರ್ತಿತ್ರಿ. ನಾ ಹೇಳಲಿಲ್ಲ” ಎಂದೆ.

“ಗೊತ್ತೈತಿ,” ಎಂದರು ಅತ್ತೆ. ತಮ್ಮ ಲಿಂಗದ ಅರಿವೆಯನ್ನು ಬಿಚ್ಚುತ್ತಿದ್ದರು, ತಲೆ ಎತ್ತಲಿಲ್ಲ. “ನಿನ್ನ ಕೈ ಭಾರ ನನ್ನ ಕೈಮ್ಯಾಲೆ ಬೀಳೂದು ನಿಂತಿತ್ತು.”

“ಮತ್ತ ನೀವ್ಯಾಕ ತಗೀಲಿಲ್ರಿ?”

“ಪತ್ರಿ ಏರ್ಸು, ಹೊತ್ತಾತು” ಎಂದರು.

ಉಂಗುರದ ಬೆರಳು ಇವತ್ತಿಗೂ ಬಾಗಿಯೇ ಇದೆ. ನೀರು ಬೊಗಸೆಯಲ್ಲಿ ನಿಲ್ಲುವುದಿಲ್ಲ, ಹೋದ ಬೆರಳಿನ ಕಡೆಯಿಂದ ಸೋರಿಹೋಗುತ್ತದೆ. ರೊಟ್ಟಿ ಬಡಿಯಲು ಮತ್ತೆ ಕಲಿತೆ. ಮೊದಲ ದಿನಗಳ ರೊಟ್ಟಿಗೆ ಒಂದು ಬದಿ ದಪ್ಪ, ಒಂದು ಬದಿ ತೆಳು. ಮಾವ ಅದನ್ನು ಮುರಿದು, ಮೆತ್ತಗಿನ ದಪ್ಪ ಬದಿಯನ್ನು ತಮಗೆ ಇಟ್ಟುಕೊಂಡು, ಗರಿಗರಿಯಾದ ತೆಳು ಬದಿಯನ್ನು ಮಗನ ತಾಟಿಗೆ ಹಾಕುತ್ತಿದ್ದರು. ವಯಸ್ಸಾದ ಹಲ್ಲಿಗೆ ಹೀಗೆ ಮಾಡಿದರೇ ಅನುಕೂಲ ಎಂದು ಅತ್ತೆಯ ಕಡೆ ತಿರುಗಿ, ನನಗೆ ಕೇಳಿಸುವಂತೆ ಹೇಳುತ್ತಿದ್ದರು.